ಜಾಗ ಸಾಲ್ತಿಲ್ಲ!

ವಿಧಾನಸೌಧ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದು ಮೇಲೆ ಬಂದರೆ ಮೊಬೈಲ್ ಕ್ಯಾಮೆರಾಗಳೆಲ್ಲ ವಿಧಾನಸೌಧದ ಕಡೆಗೇ ತಿರುಗುತ್ತವೆ. ಅದರ ಎದುರಿಗೇ, ಮರಗಳ ನಡುವೆ ಉದ್ದಕ್ಕೆ ಚಾಚಿಕೊಂಡಿರೋ ಕೆಂಪು ಕಟ್ಟಡವನ್ನ ಯಾರೂ ಅಷ್ಟಾಗಿ ನೋಡಲ್ಲ. 'ಅದಾ? ಹೈಕೋರ್ಟು' ಅಂತ ಮುಂದೆ ಹೋಗ್ತೀವಿ. ಹಳೇ ಬೆಂಗಳೂರಿಗರಿಗೆ ಮಾತ್ರ ಅದು ಇವತ್ತಿಗೂ ಅಠಾರಾ ಕಚೇರಿ. ಅಠಾರಾ ಅಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. ಕೋರ್ಟಿಗೂ ಹದಿನೆಂಟಕ್ಕೂ ಎಲ್ಲಿಯ ನಂಟು?

ಮಜಾ ಏನಂದ್ರೆ, ಈ ಹೆಸರು ಕಟ್ಟಡಕ್ಕಿಂತ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಆಡಳಿತವನ್ನ ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು, ಅಲ್ಲಿಂದಲೇ ಈ ಹೆಸರು ಬಂತು ಅನ್ನೋದು ಪ್ರಚಲಿತ ವಿವರಣೆ. ಅವರು ತೀರಿಕೊಂಡದ್ದು 1704ರಲ್ಲಿ. ಕೆಂಪು ಕಟ್ಟಡ ಮುಗಿದದ್ದು 1868ರಲ್ಲಿ!

ನಡುವೆ ಕಚೇರಿಗಳು ಎಲ್ಲಿದ್ದವು? 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಮೇಲೆ, ಅವು ಬೆಂಗಳೂರು ಕೋಟೆಯೊಳಗಿನ ಟಿಪ್ಪುವಿನ ಅರಮನೆ ಸೇರಿದವು. ಸುಲ್ತಾನ ದರ್ಬಾರು ನಡೆಸುತ್ತಿದ್ದ ಮರದ ಕಂಬಗಳ ನಡುವೆ ಗುಮಾಸ್ತರು ಕಡತ ಹರಡಿ ಕೂತರು. ಅರಮನೆ ಹಳತಾಯ್ತು, ಕಡತ ಬೆಳೀತು. ಜಾಗ ಸಾಲ್ತಿಲ್ಲ ಅನ್ನೋ ದೂರು ಶುರುವಾಯ್ತು. ಕಮಿಷನರ್ ಬೌರಿಂಗ್ ಕಾಲದಲ್ಲಿ, 1864ರಲ್ಲಿ ಹೊಸ ಕಟ್ಟಡದ ಕೆಲಸ ಆರಂಭ. ಕಟ್ಟಿಸಿದ ಕಂಟ್ರಾಕ್ಟರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಇವತ್ತಿನ ಆರ್.ಬಿ.ಎ.ಎನ್.ಎಂ. ಶಾಲೆಗಳ ಹೆಸರಲ್ಲಿರೋರು ಇವರೇ. ಕಚೇರಿಗಳು ಇಲ್ಲಿಗೆ ಬರುವಾಗ ಹದಿನೆಂಟರ ಹೆಸರೂ ಗಂಟುಮೂಟೆಯ ಜೊತೆ ಬಂತು.

1956ರಲ್ಲಿ ವಿಧಾನಸೌಧ ಸಿದ್ಧವಾಯ್ತು. ಸಚಿವಾಲಯ ರಸ್ತೆ ದಾಟಿ ಅಲ್ಲಿಗೆ ಹೋಯ್ತು, ಕೆಂಪು ಕಟ್ಟಡ ಕೋರ್ಟಿನದಾಯ್ತು. ಹದಿನೆಂಟು ಇಲಾಖೆಗಳಲ್ಲಿ ಒಂದೂ ಉಳೀಲಿಲ್ಲ, ಹೆಸರು ಮಾತ್ರ ಉಳೀತು.

1982ರಲ್ಲಿ ಮತ್ತೆ ಅದೇ ರಾಗ. ಕಟ್ಟಡ ಹಳೇದು, ಕೋರ್ಟಿಗೆ ಜಾಗ ಸಾಲ್ತಿಲ್ಲ, ಕೆಡವಿ ಹೊಸದು ಕಟ್ಟೋಣ. ಊರಿನ ಜನ ಸುಮ್ಮನಿರಲಿಲ್ಲ, ಪ್ರತಿಭಟಿಸಿದರು, ಕೇಸು ಹಾಕಿದರು. ವಿಚಾರಣೆ ನಡೆದದ್ದೂ ಅದೇ ಕಟ್ಟಡದಲ್ಲಿ! ತನ್ನ ಅಳಿವು ಉಳಿವಿನ ವಾದವನ್ನ ತನ್ನದೇ ಗೋಡೆಗಳ ನಡುವೆ ಕೇಳಿಸಿಕೊಂಡ ಕಟ್ಟಡಗಳು ಎಷ್ಟಿರಬಹುದು? ಕೊನೆಗೂ ಅದು ಉಳೀತು. ಮುಂದೆ ಬೇಕಾದ ಜಾಗಕ್ಕೆ ಹಿಂಭಾಗದಲ್ಲಿ ಕೆಂಪು ಬಣ್ಣದ ಹೊಸ ಕಟ್ಟಡಗಳು ಎದ್ದವು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜಾಗ ಸಾಲ್ತಿಲ್ಲ ಅನ್ನೋದು ಸುಳ್ಳಲ್ಲ. ಅರಮನೆ ಸಾಲಲಿಲ್ಲ, ಅಠಾರಾ ಕಚೇರಿ ಸಾಲಲಿಲ್ಲ, ಅಷ್ಟು ದೊಡ್ಡ ವಿಧಾನಸೌಧವೂ ಸಾಲದೆ 2005ರಲ್ಲಿ ಪಕ್ಕದಲ್ಲೇ ವಿಕಾಸಸೌಧ ಬಂತು. ಸರ್ಕಾರ ಬೆಳೀತಾನೇ ಇರುತ್ತೆ. ಆದರೆ ಆ ದೂರಿಗೆ ಕೆಡವೋದೊಂದೇ ಉತ್ತರ ಅಲ್ಲ.

ಇನ್ನೊಂದು ಉತ್ತರ 2008ರಲ್ಲಿ ಸಿಕ್ಕಿತು. ಆ ವರ್ಷ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಅವು ಕಾಯಂ ಆದವು. ಅಲ್ಲಿವರೆಗೆ ಬೀದರಿನ ರೈತನೊಬ್ಬ ಹೈಕೋರ್ಟಿನಲ್ಲಿ ತನ್ನ ಜಮೀನಿನ ಕೇಸು ನಡೆಸಬೇಕಂದ್ರೆ ರಾತ್ರಿಯಿಡೀ ಪ್ರಯಾಣ ಮಾಡಿ ಇಲ್ಲಿಗೇ ಬರಬೇಕಿತ್ತು. ಜಾಗ ಸಾಲದೇ ಇದ್ದದ್ದು ಕಡತಗಳಿಗಷ್ಟೇ ಅಲ್ಲ, ದೂರದೂರಿನವರಿಗೂ.

ಟಿಪ್ಪುವಿನ ಅರಮನೆಗೆ ಇವತ್ತು ಟಿಕೆಟ್ ತಗೊಂಡು ಹೋಗ್ತೀವಿ. ಅಠಾರಾ ಕಚೇರಿಗೆ ಜನ ಹೋಗೋದು ಕೆಲಸಕ್ಕೆ. ಯಾರದೋ ಜಾಮೀನು, ಯಾರದೋ ಪೆನ್ಷನ್ನು ಇವತ್ತೂ ಅಲ್ಲೇ ತೀರ್ಮಾನ ಆಗುತ್ತೆ. ಮುಂದಿನ ಸಲ ಮೆಟ್ರೋ ಇಳಿದಾಗ ವಿಧಾನಸೌಧದ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಒಂದ್ಸಲ ಹಿಂದಕ್ಕೂ ತಿರುಗಿ.