ಪ್ರೀಪೇಯ್ಡ್ ಅಥವಾ ಪೋಸ್ಟ್‌ಪೇಯ್ಡ್: ಮೊಬೈಲ್ ಸಂಪರ್ಕದ ಆಯ್ಕೆ ಕುರಿತು ನಾಗರಿಕರಿಗೆ ಮಾಹಿತಿ

ಆನ್‌ಲೈನ್ ಮೂಲಕ ಸರ್ಕಾರದ ಸೇವೆಗಳಿಗೆ ಅರ್ಜಿ ಸಲ್ಲಿಸಿದವರಿಗೆ ಒಟಿಪಿ ಹಾಗೂ ಅರ್ಜಿಯ ಸ್ಥಿತಿಗತಿಯ ಸಂದೇಶಗಳು ನೋಂದಾಯಿತ ಮೊಬೈಲ್ ಸಂಖ್ಯೆಗೆ ರವಾನೆಯಾಗುತ್ತವೆ. ಸದರಿ ಸಂಖ್ಯೆಯು ಸ್ಥಗಿತಗೊಂಡಲ್ಲಿ ಅರ್ಜಿಯ ಮುಂದಿನ ಹಂತಗಳಿಗೆ ಅಡಚಣೆಯಾಗುತ್ತದೆ. ಆದುದರಿಂದ ಸಂಪರ್ಕವನ್ನು ಆಯ್ಕೆ ಮಾಡುವಾಗ ದರದೊಂದಿಗೆ, ಸಂಖ್ಯೆಯನ್ನು ನಿರಂತರವಾಗಿ ಚಾಲ್ತಿಯಲ್ಲಿ ಇರಿಸಿಕೊಳ್ಳುವ ಅನುಕೂಲವನ್ನೂ ಪರಿಗಣಿಸುವುದು ಸೂಕ್ತ.

1. ಪ್ರೀಪೇಯ್ಡ್ ಸಂಪರ್ಕ

ಇದರಲ್ಲಿ ಹಣವನ್ನು ಮುಂಗಡವಾಗಿ ಪಾವತಿಸಬೇಕು. ಬಿಲ್ಲಿನ ಬಾಕಿ ಉಳಿಯುವ ಪ್ರಮೇಯವಿಲ್ಲ. ಆದರೆ ರೀಚಾರ್ಜ್ ಅವಧಿ ಮುಗಿದರೆ ಹೊರಹೋಗುವ ಕರೆಗಳು ನಿಲ್ಲುತ್ತವೆ. ಕಾಲಕ್ರಮದಲ್ಲಿ ಒಳಬರುವ ಕರೆ ಹಾಗೂ ಸಂದೇಶಗಳೂ ನಿಲ್ಲಬಹುದು. ಇಂಟರ್‌ನೆಟ್ ಬಳಸದವರಿಗಾಗಿ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಕನಿಷ್ಠ ಒಂದು ವಿಶೇಷ ವೋಚರ್ ಒದಗಿಸುವುದನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ಕಡ್ಡಾಯಗೊಳಿಸಿತು. ವಿಶೇಷ ವೋಚರ್‌ಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಹೆಚ್ಚಿಸಲಾಯಿತು.

2. ಪೋಸ್ಟ್‌ಪೇಯ್ಡ್ ಸಂಪರ್ಕ

ಇದರಲ್ಲಿ ಪ್ರತಿ ತಿಂಗಳು ಬಿಲ್ಲು ಬರುತ್ತದೆ. ಪದೇ ಪದೇ ರೀಚಾರ್ಜ್ ಮಾಡುವ ಅಗತ್ಯವಿಲ್ಲ. ಆದರೆ ಯೋಜನೆಯ ಮಿತಿ ಮೀರಿದ ಬಳಕೆ ಮತ್ತು ವಿದೇಶ ಪ್ರವಾಸದ ರೋಮಿಂಗ್‌ನಿಂದ ಬಿಲ್ಲಿನ ಮೊತ್ತ ಹೆಚ್ಚಬಹುದು. ಬಾಕಿ ಪಾವತಿಸದಿದ್ದಲ್ಲಿ ಸೇವೆ ಕಡಿತಗೊಳ್ಳುತ್ತದೆ. ಬೇರೆ ಕಂಪನಿಗೆ ಸಂಖ್ಯೆಯನ್ನು ವರ್ಗಾಯಿಸಿಕೊಳ್ಳಲೂ ಸಾಧ್ಯವಾಗುವುದಿಲ್ಲ. ಸಂಪರ್ಕ ಪಡೆಯುವ ಮುನ್ನ ಠೇವಣಿ, ಮಾಸಿಕ ಬಾಡಿಗೆ ಹಾಗೂ ಬಳಕೆಯ ಮಿತಿಯನ್ನು ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

3. ಬಳಕೆಯಲ್ಲಿಲ್ಲದ ಪ್ರೀಪೇಯ್ಡ್ ಸಂಖ್ಯೆ

90 ದಿನಗಳವರೆಗೆ ಬಳಕೆಯಾಗದ ಸಂಖ್ಯೆಯನ್ನು ಕಂಪನಿಯು ನಿಷ್ಕ್ರಿಯಗೊಳಿಸಬಹುದು. ಖಾತೆಯಲ್ಲಿ 20 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಶಿಲ್ಕು ಇದ್ದಲ್ಲಿ ಬಳಕೆಯಿಲ್ಲವೆಂಬ ಕಾರಣಕ್ಕೆ ನಿಷ್ಕ್ರಿಯಗೊಳಿಸುವಂತಿಲ್ಲ. ಆದರೂ ರೀಚಾರ್ಜ್ ಅವಧಿ ಮುಗಿದ ಸಂಖ್ಯೆಗೆ ಒಟಿಪಿ ಬಾರದೇ ಇರಬಹುದಾದ್ದರಿಂದ ಈ ನಿಯಮವೊಂದನ್ನೇ ಅವಲಂಬಿಸಬಾರದು. ನಿಷ್ಕ್ರಿಯಗೊಂಡ ಸಂಖ್ಯೆಯನ್ನು ನಿಗದಿತ ಅವಧಿಯ ನಂತರ ಬೇರೊಬ್ಬರಿಗೆ ಹಂಚಲಾಗುತ್ತದೆ. ಆಧಾರ್, ಬ್ಯಾಂಕ್ ಖಾತೆ ಅಥವಾ ಅರ್ಜಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ನಿಮ್ಮ ಸಂದೇಶಗಳು ಅಪರಿಚಿತರ ಕೈಸೇರುವ ಸಂಭವವಿರುತ್ತದೆ.

4. ಬದಲಾವಣೆಗೆ ಅವಕಾಶ

ಅದೇ ಸಂಖ್ಯೆಯನ್ನು ಉಳಿಸಿಕೊಂಡು ಒಂದು ಬಗೆಯ ಸಂಪರ್ಕದಿಂದ ಇನ್ನೊಂದಕ್ಕೆ ಬದಲಾಗಬಹುದು. 2021ರಿಂದ ಒಟಿಪಿ ದೃಢೀಕರಣದ ಮೂಲಕ ಈ ಬದಲಾವಣೆಗೆ ಅವಕಾಶವಿದೆ. ಕಂಪನಿಯನ್ನೇ ಬದಲಿಸಬೇಕಾದಲ್ಲಿ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು, ತಮ್ಮ 10 ಅಂಕಿಯ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸತಕ್ಕದ್ದು.

5. ಯಾರಿಗೆ ಯಾವುದು ಸೂಕ್ತ?

ಆದಾಯ ನಿಶ್ಚಿತವಾಗಿಲ್ಲದವರಿಗೆ ಹಾಗೂ ಖರ್ಚಿಗೆ ಮಿತಿ ಬಯಸುವವರಿಗೆ ಪ್ರೀಪೇಯ್ಡ್ ಅನುಕೂಲಕರ. ಆಗಾಗ ರೀಚಾರ್ಜ್ ಮಾಡಲು ಕಷ್ಟವಾಗುವ ಹಿರಿಯ ನಾಗರಿಕರು ದೀರ್ಘಾವಧಿ ವೋಚರ್ ಪಡೆಯಬಹುದು. ತಿಂಗಳ ಸಂಬಳವಿದ್ದು ಬಳಕೆ ಹೆಚ್ಚಿರುವವರು ಪೋಸ್ಟ್‌ಪೇಯ್ಡ್ ಪರಿಶೀಲಿಸಬಹುದು.

ಅರ್ಜಿಯು ವಿಲೇವಾರಿಯಾಗುವವರೆಗೆ ಸಂಖ್ಯೆಯನ್ನು ಚಾಲ್ತಿಯಲ್ಲಿ ಇರಿಸಿಕೊಳ್ಳಬೇಕು. ಸಂಖ್ಯೆ ಬದಲಾದಲ್ಲಿ, ಹಳೆಯ ಸಂಖ್ಯೆ ಕಾರ್ಯನಿರ್ವಹಿಸುತ್ತಿರುವಾಗಲೇ ಎಲ್ಲ ದಾಖಲೆಗಳಲ್ಲಿ ಹೊಸದನ್ನು ನಮೂದಿಸಿಕೊಳ್ಳುವಂತೆ ನಾಗರಿಕರಲ್ಲಿ ಕೋರಲಾಗಿದೆ.