ಗ್ರಂಥಸೂಚಿ ಕೈಕೊಟ್ಟರೆ ಏನು ಮಾಡಬೇಕು? ಜೊಟೆರೊ ಬಳಸುವ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾಹಿತಿ

ಗಡಿನಾಡಿನ ಸಂಶೋಧನಾ ವಿದ್ಯಾರ್ಥಿಯ ಮೇಜಿನ ಮೇಲೆ ಒಂದೇ ಭಾಷೆಯ ಪುಸ್ತಕಗಳಿರುವುದು ಅಪರೂಪ. ಕಾಸರಗೋಡಿನವರಿಗೆ ಕನ್ನಡದ ಜೊತೆ ಮಲಯಾಳ, ಸೊಲ್ಲಾಪುರ, ಜತ್ತದವರಿಗೆ ಮರಾಠಿ, ಆದೋನಿ, ಮಡಕಶಿರಾದವರಿಗೆ ತೆಲುಗು. ಇವೆಲ್ಲದರ ಜೊತೆ ಇಂಗ್ಲಿಷ್ ಇದ್ದೇ ಇದೆ. ಇಷ್ಟು ಭಾಷೆಗಳ ಗ್ರಂಥಗಳನ್ನು ಒಂದೇ ಕ್ರಮದಲ್ಲಿ ಪಟ್ಟಿ ಮಾಡಲು ಈಗ ಅನೇಕರು ಉಲ್ಲೇಖ ನಿರ್ವಹಣೆಯ ತಂತ್ರಾಂಶಗಳನ್ನು ಬಳಸುತ್ತಾರೆ. ಎಂಡ್‌ನೋಟ್, ಮೆಂಡಲೆ, ಜೊಟೆರೊ ಇವುಗಳಲ್ಲಿ ಪ್ರಮುಖವಾದವು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ಜೊಟೆರೊ ಉಚಿತವಾಗಿ ಸಿಗುವುದರಿಂದ ಇಲ್ಲಿ ಅದನ್ನೇ ಮುಖ್ಯವಾಗಿ ನೋಡೋಣ.

ಇದು ಬರೀ ಅಂದಚೆಂದದ ವಿಷಯವಲ್ಲ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮಾವಳಿ ತಂದಿತು. ಅದರಂತೆ ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ. 60 ಮೀರಿದರೆ ಸಂಶೋಧನಾ ನೋಂದಣಿಯೇ ರದ್ದಾಗಬಹುದು. ಸರಿಯಾಗಿ ಆಕರ ಸೂಚಿಸಿದ ಉದ್ಧರಣೆಗಳನ್ನೂ ಗ್ರಂಥಸೂಚಿಯನ್ನೂ ಈ ಲೆಕ್ಕದಿಂದ ಬಿಡಲಾಗುತ್ತದೆ. ಆಕರ ಬಿಟ್ಟುಹೋದ ಉದ್ಧರಣೆಗೆ ಈ ರಕ್ಷಣೆ ಇಲ್ಲ. ಐದು ವರ್ಷದ ದುಡಿಮೆ ಒಂದು ಬಿಟ್ಟುಹೋದ ಆಕರದಿಂದ ಸಂಶಯಕ್ಕೆ ಗುರಿಯಾಗಬಾರದು.

ಮೊದಲ ಸೂತ್ರ: ತಿದ್ದುವುದು ಜೊಟೆರೊದಲ್ಲಿ

ಬಹುಪಾಲು ತೊಂದರೆಗಳ ಮೂಲ ಒಂದೇ. ಪಟ್ಟಿಯಲ್ಲಿ ತಪ್ಪು ಕಂಡೊಡನೆ ನಾವು ವರ್ಡ್ ಕಡತದಲ್ಲೇ ಅದನ್ನು ತಿದ್ದುತ್ತೇವೆ. ಮರುದಿನ ಹೊಸ ಉಲ್ಲೇಖ ಸೇರಿಸಿದಾಗ ತಂತ್ರಾಂಶ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ, ತಿದ್ದಿದ್ದೆಲ್ಲ ಮಾಯ! ಆದ್ದರಿಂದ ಹೆಸರು, ಇಸವಿ, ಪ್ರಕಾಶಕರು ಯಾವುದೇ ಇರಲಿ, ಜೊಟೆರೊ ಸಂಗ್ರಹದಲ್ಲಿ ತಿದ್ದಿ, ಆಮೇಲೆ ವರ್ಡ್‌ನಲ್ಲಿ 'ರಿಫ್ರೆಶ್' ಒತ್ತಿ. ಅಕ್ಷರದ ಗಾತ್ರ, ಫಾಂಟ್ ಬದಲಿಸಬೇಕಿದ್ದರೆ ಪಟ್ಟಿಯನ್ನು ಆಯ್ದು ಬದಲಿಸುವ ಬದಲು ವರ್ಡ್‌ನ 'ಬಿಬ್ಲಿಯಾಗ್ರಫಿ' ಎಂಬ ಸ್ಟೈಲ್‌ನಲ್ಲಿ ಬದಲಿಸಿ.

ಹೆಸರುಗಳ ಗೋಜಲು

ನಮ್ಮ ಹೆಸರುಗಳು ಪಶ್ಚಿಮದ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. 'ಕನ್ನಡ ಸಾಹಿತ್ಯ ಪರಿಷತ್' ಎಂಬುದನ್ನು ಇಂಗ್ಲಿಷಿನಲ್ಲಿ ಲೇಖಕರ ಎರಡು ಮನೆಗಳಲ್ಲಿ ಹಂಚಿ ತುಂಬಿದರೆ ಎಪಿಎ ಶೈಲಿ ಅದನ್ನು 'ಪರಿಷತ್, ಕೆ. ಎಸ್.' ಎಂದು ಒಬ್ಬ ವ್ಯಕ್ತಿಯನ್ನಾಗಿ ಮಾಡಿಬಿಡುತ್ತದೆ! ಲೇಖಕರ ಹೆಸರಿನ ಪಕ್ಕದಲ್ಲಿರುವ ಚಿಕ್ಕ ಗುಂಡಿ ಒತ್ತಿ ಎರಡು ಮನೆಯನ್ನು ಒಂದು ಮಾಡಿದರೆ ಹೆಸರು ಇದ್ದಂತೆಯೇ ಬರುತ್ತದೆ. ಸಂಸ್ಥೆಗಳಿಗೂ ಕುವೆಂಪು ಅವರಂಥ ಒಂಟಿ ಕಾವ್ಯನಾಮಗಳಿಗೂ ಇದೇ ದಾರಿ.

ಕಯ್ಯಾರ ಕಿಞ್ಞಣ್ಣ ರೈ ಅವರನ್ನು ಒಂದು ಕಡೆ 'ರೈ', ಇನ್ನೊಂದು ಕಡೆ 'ಕಯ್ಯಾರ' ಎಂಬ ಅಡ್ಡಹೆಸರಿನಲ್ಲಿ ತುಂಬಿದರೆ ತಂತ್ರಾಂಶಕ್ಕೆ ಅವರು ಇಬ್ಬರು ಬೇರೆ ಕವಿಗಳು. ಮಾರ್ಗದರ್ಶಕರನ್ನು ಕೇಳಿ ಒಂದೇ ರೂಪ ನಿಗದಿ ಮಾಡಿಕೊಳ್ಳಿ. ಕನ್ನಡ ಲಿಪಿಯಲ್ಲಿ ತುಂಬಿದಾಗ ಅಲ್ಪವಿರಾಮ ಅಥವಾ ಪದಗಳ ನಡುವಿನ ಜಾಗ ಕೆಟ್ಟರೆ, ಒಂದೇ ಮನೆಯಲ್ಲಿ 'ಗೋವಿಂದ ಪೈ, ಎಂ.' ಎಂದು ಬೇಕಾದ ರೂಪದಲ್ಲೇ ಬರೆಯಿರಿ.

ಇನ್ನು ಕೆಲವು ತೊಂದರೆಗಳು

ವರ್ಡ್‌ನಲ್ಲಿ ಜೊಟೆರೊ ಕಾಣುತ್ತಿಲ್ಲ: ವರ್ಡ್ ಮುಚ್ಚಿ. ಜೊಟೆರೊದ 'ಸೆಟ್ಟಿಂಗ್ಸ್' ಒಳಗೆ 'ಸೈಟ್' ವಿಭಾಗಕ್ಕೆ ಹೋಗಿ, ವರ್ಡ್ ಆಡ್-ಇನ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡುವ ಗುಂಡಿ ಒತ್ತಿ.

ಉಲ್ಲೇಖದ ಜಾಗದಲ್ಲಿ ವಿಚಿತ್ರ ಸಂಕೇತಗಳು: ಪುಷ್ಪಾವರಣದೊಳಗೆ 'ಆಡಿನ್ ಜೊಟೆರೊ' ಎಂದು ಶುರುವಾಗುವ ಉದ್ದನೆಯ ಸಾಲುಗಳು ಕಂಡರೆ ಗಾಬರಿಯಾಗಬೇಡಿ, ಅಳಿಸಲೂ ಬೇಡಿ. ಆಲ್ಟ್ ಮತ್ತು ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸರಿಹೋಗುತ್ತದೆ.

ಅನಗತ್ಯ 'ಎ', 'ಬಿ': ಒಂದೇ ಪುಸ್ತಕಕ್ಕೆ ಒಮ್ಮೆ '2019ಎ', ಇನ್ನೊಮ್ಮೆ '2019ಬಿ' ಎಂದು ಬಂದರೆ ಅದು ಸಂಗ್ರಹದಲ್ಲಿ ಎರಡು ಸಲ ಸೇರಿದೆ ಎಂದರ್ಥ. ಒಂದನ್ನು ಅಳಿಸಿದರೆ ಪ್ರಬಂಧದೊಂದಿಗಿನ ಕೊಂಡಿ ಕಡಿಯುತ್ತದೆ. 'ಡೂಪ್ಲಿಕೇಟ್ ಐಟಮ್ಸ್' ತೆರೆದು ಎರಡನ್ನೂ ವಿಲೀನ ಮಾಡಿ.

ಇಸವಿ ಬರುತ್ತಿಲ್ಲ: 'ಎನ್. ಡಿ.' ಎಂದು ಬಂದರೆ ದಿನಾಂಕದ ಮನೆ ಖಾಲಿ ಇದೆ ಎಂದರ್ಥ. ಇಂಟರ್‌ನೆಟ್‌ನಿಂದ ತಾನಾಗಿ ಬಂದ ಮಾಹಿತಿಯಲ್ಲಿ ಇದು ಸಾಮಾನ್ಯ. ಪುಸ್ತಕದ ಮೊದಲ ಪುಟಗಳನ್ನು ನೋಡಿ ತುಂಬಿ. ಸಂಪಾದಿತ ಗ್ರಂಥದ ಒಂದು ಲೇಖನವನ್ನು 'ಬುಕ್' ಎಂದಲ್ಲ, 'ಬುಕ್ ಸೆಕ್ಷನ್' ಎಂದು ದಾಖಲಿಸಿ.

ಕನ್ನಡ ಅಕ್ಷರಗಳು ಕಲಸಿವೆ: ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಜೊಟೆರೊಗೆ ಯುನಿಕೋಡ್ ಬೇಕು. ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ಅಂಟಿಸಿ.

ಡಿಟಿಪಿಗೆ ಕೊಡುವ ಮುನ್ನ

ಹೆಚ್ಚಿನ ಅನಾಹುತ ಆಗುವುದು ಕೊನೆಯ ವಾರದಲ್ಲಿ. ಪ್ರಬಂಧ ಡಿಟಿಪಿ ಅಂಗಡಿಗೆ ಹೋಗಿ ಪೇಜ್‌ಮೇಕರ್‌ಗೋ ಬೇರೆ ತಂತ್ರಾಂಶಕ್ಕೋ ದಾಟಿದೊಡನೆ ಉಲ್ಲೇಖಗಳು ಬರಿಯ ಅಕ್ಷರಗಳಾಗುತ್ತವೆ. ಆ ಕಡತ ಮರಳಿ ಬಂದರೂ ಜೊಟೆರೊ ಅದನ್ನು ಗುರುತಿಸುವುದಿಲ್ಲ. ಅದಕ್ಕೆ ಮೂರು ಎಚ್ಚರಿಕೆ:

1. ಮೂಲ ಕಡತವನ್ನು ಯಾರಿಗೂ ಕೊಡಬೇಡಿ. ಅದರ ಪ್ರತಿ ಮಾಡಿ, ಆ ಪ್ರತಿಯಲ್ಲಿ ಮಾತ್ರ 'ಅನ್‌ಲಿಂಕ್ ಸೈಟೇಶನ್ಸ್' ಒತ್ತಿ. ಇದು ಹಿಂದಿರುಗಿಸಲಾಗದ ಕ್ರಿಯೆ.

2. ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಎಂದು ಪಟ್ಟಿಯನ್ನು ಬೇರೆ ಮಾಡುವುದು, 'ಎಟ್ ಆಲ್' ಬದಲು 'ಮತ್ತು ಇತರರು' ಎಂದು ಹಾಕುವುದು ಮುಂತಾದ ಕೈಕೆಲಸವನ್ನು ಈ ಪ್ರತಿಯಲ್ಲೇ ಮಾಡಿ.

3. ಜೊಟೆರೊ ಮುಚ್ಚಿ, ಅದರ ದತ್ತಾಂಶವಿರುವ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಖಾತೆ ತೆರೆದರೆ ಗ್ರಂಥಗಳ ವಿವರ ಉಚಿತವಾಗಿ ಅಂತರಜಾಲದಲ್ಲೂ ಉಳಿಯುತ್ತದೆ. ಪಿಡಿಎಫ್‌ಗಳಿಗೆ 300 ಎಂಬಿ ಜಾಗ ಉಚಿತ.

ಕೊನೆಯದಾಗಿ, ಅಚ್ಚಾದ ಪ್ರತಿಯನ್ನು ಕೈಯಲ್ಲಿ ಹಿಡಿದು, ಒಳಪುಟದ ಪ್ರತಿ ಉಲ್ಲೇಖವೂ ಪಟ್ಟಿಯಲ್ಲಿದೆಯೇ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಿ. ಕೊಟ್ಟದ್ದನ್ನು ಜೋಡಿಸುವುದಷ್ಟೇ ತಂತ್ರಾಂಶದ ಕೆಲಸ. ಕೊಟ್ಟದ್ದು ಸರಿಯೇ ಎಂದು ನೋಡಬೇಕಾದವರು ಬರೆದವರೇ.