ಕ್ಲಿಬನೇರಿಯಸ್ ಟ್ರೈಕಲರ್
ಕೆರಿಬಿಯನ್ ಕಡಲಿನ ಹವಳದ ದಿಬ್ಬಗಳಲ್ಲಿ ವಾಸಿಸುವ, ಬೆರಳ ತುದಿಯಷ್ಟೇ ಇರುವ ಸನ್ಯಾಸಿ ಏಡಿಯ ಹೆಸರಿದು. ‘ಟ್ರೈಕಲರ್’ ಎಂದರೆ ಲ್ಯಾಟಿನ್ನಿನಲ್ಲಿ ಮೂರು ಬಣ್ಣದ್ದು. ಕಡುನೀಲಿ ಕಾಲು, ಕೀಲುಗಳ ಕಿತ್ತಳೆಗೆಂಪು ಪಟ್ಟಿ ಕಂಡವರಿಗೆ ವಿವರಣೆ ಬೇಡ. ಈ ಜಾತಿನಾಮ 1850ರಲ್ಲಿ ಅಮೆರಿಕದ ಲೂಯಿಸ್ ಗಿಬ್ಸ್ ಇಟ್ಟದ್ದು. ನಿಜವಾದ ಸ್ವಾರಸ್ಯ ಕುಲನಾಮದಲ್ಲಿದೆ. 1852ರಲ್ಲಿ ಜೇಮ್ಸ್ ಡ್ವೈಟ್ ಡಾನಾ ಬಳಕೆಗೆ ತಂದ ‘ಕ್ಲಿಬನೇರಿಯಸ್’ ರೋಮನ್ನರಲ್ಲಿ ಮೈತುಂಬ ಲೋಹದ ಕವಚ ತೊಟ್ಟ ಕುದುರೆ ಸವಾರನ ಹೆಸರು. ಅದರ ಮೂಲ ‘ಒಲೆ’ ಎಂಬರ್ಥದ ಗ್ರೀಕ್ ಪದ ಎನ್ನುವವರಿದ್ದಾರೆ. ಬಿಸಿಲಲ್ಲಿ ಕಾದ ಕವಚವನ್ನು ನೆನೆದರೆ ನನಗದು ಒಪ್ಪಿಗೆಯೇ. ಏಡಿಯ ಹೊಟ್ಟೆಯಾದರೋ ತೀರಾ ಮೆತ್ತಗೆ. ಸತ್ತ ಬಸವನಹುಳುವಿನ ಚಿಪ್ಪೇ ಅದಕ್ಕೆ ರಕ್ಷೆ, ಬೆಳೆದಂತೆಲ್ಲ ದೊಡ್ಡ ಚಿಪ್ಪು ಹುಡುಕಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಇದು ‘ಬ್ಲೂ ಲೆಗ್’. ಪಾಚಿ ತಿನ್ನಲೆಂದು ಕೊಳ್ಳುವವರು ಖಾಲಿ ಚಿಪ್ಪುಗಳನ್ನೂ ಹಾಕಿಡಬೇಕು. ಇಲ್ಲದಿದ್ದರೆ ತೊಟ್ಟಿಯ ಬಸವನಹುಳುಗಳಿಗೇ ಆಪತ್ತು.